ಅತಿಥಿಯಾಗುವ ಓದು

ಯಾತ್ರೆಗೆ ಹೋಗಲಾರದವರಿಗೆ ಯಾತ್ರೆಯ ಫಲ ಉಂಟೇ? ಐದು ಶತಮಾನಗಳ ಹಿಂದೆ ಜರ್ಮನಿಯ ಉಲ್ಮ್ ಪಟ್ಟಣದ ಆಸುಪಾಸಿನ ಮಠಗಳಲ್ಲಿದ್ದ ಕ್ರೈಸ್ತ ಸನ್ಯಾಸಿನಿಯರನ್ನು ಈ ಪ್ರಶ್ನೆ ಕಾಡಿತ್ತು. ಆ ಕಾಲದ ಮಠಸುಧಾರಣೆ ಅವರ ಬಾಗಿಲುಗಳನ್ನು ಮೊದಲಿಗಿಂತ ಬಿಗಿಯಾಗಿ ಮುಚ್ಚಿತ್ತು. ಒಮ್ಮೆ ಒಳಗೆ ಹೋದವಳು ಮತ್ತೆ ಹೊರಗೆ ಕಾಲಿಡುವಂತಿರಲಿಲ್ಲ. ಅವರಿಗೆ ಬೇಕಾದವನಾಗಿದ್ದ ಫೆಲಿಕ್ಸ್ ಫಾಬ್ರಿ ಎಂಬ ಡೊಮಿನಿಕನ್ ಸನ್ಯಾಸಿ 1480ರಲ್ಲಿ ಒಮ್ಮೆ, 1483–84ರಲ್ಲಿ ಇನ್ನೊಮ್ಮೆ ಜೆರುಸಲೇಮಿಗೆ ಹೋಗಿಬಂದಿದ್ದ. 1492ರ ಹೊತ್ತಿಗೆ ಅವನು ಈ ಹೆಣ್ಣುಮಕ್ಕಳಿಗಾಗಿ ಅವರದೇ ಜರ್ಮನ್ ನುಡಿಯಲ್ಲಿ ಒಂದು ಪುಸ್ತಕ ಬರೆದುಕೊಟ್ಟ. ಇಡೀ ಯಾತ್ರೆಯನ್ನು ಅದರಲ್ಲಿ ದಿನದಿನದ ಪಯಣವಾಗಿ ಹಂಚಿದ್ದಾನೆ. ಇವತ್ತು ಇಷ್ಟು ದಾರಿ, ಇಲ್ಲಿ ಈ ಪ್ರಾರ್ಥನೆ, ಇಲ್ಲಿ ಈ ಹಾಡು. ವೆನಿಸ್ಸಿನಿಂದ ಹಡಗು, ಕಡಲಾಚೆ ಜೆರುಸಲೇಮು, ಅಲ್ಲಿಂದ ಮರುಭೂಮಿಯ ಸಿನಾಯ್ ಬೆಟ್ಟ. ಕೋಣೆಯೊಳಗೆ ಕುಳಿತವಳು ದಿನಕ್ಕೊಂದು ಹಂತ ನಡೆಯಬೇಕು.

ಕುದುರೆ, ಹಡಗು, ದುಡ್ಡು ಇದ್ದು ಯಾತ್ರೆ ಹೊರಡುವ ಶ್ರೀಮಂತ ಸರದಾರರನ್ನು ಫಾಬ್ರಿ ಈ ಸನ್ಯಾಸಿನಿಯರ ಎದುರು ನಿಲ್ಲಿಸಿ ಹೋಲಿಸುತ್ತಾನೆ. ಮನಸ್ಸಿನಲ್ಲಿ ನಡೆಯುವ ನೀವೇ ಮೇಲು ಎನ್ನುತ್ತಾನೆ. ಅದೇ ಫಾಬ್ರಿ ತನ್ನ ಲ್ಯಾಟಿನ್ ಪ್ರವಾಸಕಥನದಲ್ಲಿ ಮೊದಲ ಯಾತ್ರೆಯ ಬಗ್ಗೆ ಹೇಳಿಕೊಂಡಿರುವುದು ಬೇರೆಯೇ. ಪವಿತ್ರ ನಾಡಿನಲ್ಲಿ ಒಂಬತ್ತು ದಿನಕ್ಕಿಂತ ಹೆಚ್ಚು ಇರಗೊಡಲಿಲ್ಲ, ಹಗಲುರಾತ್ರಿ ಓಡಾಡಿಸಿದರು, ಕಂಡದ್ದೆಲ್ಲ ಮಂಜಿನಲ್ಲಿ ಕಂಡಂತಾಯಿತು ಎಂಬ ಸಂಕಟ ಅವನದು. ಆ ಸಂಕಟ ತಾಳಲಾರದೆ ಅವನು ಮತ್ತೆ ಹೋದ. ಹೋಗಿಯೂ ಕಾಣದೆ ಬಂದವನು ಅವನು, ಹೋಗದೆಯೂ ಕಾಣಬಹುದು ಎಂದು ಬರೆದುಕೊಟ್ಟವನೂ ಅವನು. ಈ ಎರಡೂ ಮಾತನ್ನು ಅವನು ನಂಬಿಯೇ ಹೇಳಿದ್ದಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸನ್ಯಾಸಿನಿಯರಿಗೆ ಮರಳಿ ಹೋಗುವ ಹಕ್ಕು ಹಾಗಿರಲಿ, ಒಮ್ಮೆ ಹೋಗಿ ನಿರಾಶರಾಗುವ ಹಕ್ಕೂ ಇರಲಿಲ್ಲ.

ನಾನು ಗದಗದಲ್ಲಿ ಹೆಣ್ಣುಮಕ್ಕಳಿಗೆ ತತ್ತ್ವಶಾಸ್ತ್ರ ಕಲಿಸುವವಳು. ಪದವಿ ವಿದ್ಯಾರ್ಥಿನಿಯರಿಗೆ ವಿದೇಶಿ ವ್ಯಾಸಂಗಕ್ಕೆ ಪರ್ಯಾಯವಾಗಿ ವರ್ಚುವಲ್ ಪ್ರವಾಸದ ಕೋರ್ಸೊಂದನ್ನು ತರಬೇಕೆಂಬ ಪ್ರಸ್ತಾವ ನಮ್ಮ ಮುಂದಿದೆ. ಹೆಡ್‌ಸೆಟ್ ಹಾಕಿಕೊಂಡು ರೋಮ್, ಕ್ಯೋಟೋ, ಬರ್ಲಿನ್ ಸುತ್ತಿಬರುವುದು, ಅದರ ಬಗ್ಗೆ ಬರೆಯುವುದು, ಅದಕ್ಕೆ ಕ್ರೆಡಿಟ್ ಕೊಡುವುದು. ಅಭಿಪ್ರಾಯ ಬರೆದುಕೊಡಲು ನನ್ನನ್ನೂ ಕೇಳಿದ್ದಾರೆ. ಕೋವಿಡ್ ಕಾಲದಲ್ಲಿ ಇಂಥ ಪ್ರಯೋಗಗಳು ಎಲ್ಲೆಡೆ ಅನಿವಾರ್ಯವಾದವು. ಅಮೆರಿಕದಿಂದ ಓದಲು ಹೊರದೇಶಕ್ಕೆ ಹೋಗುತ್ತಿದ್ದ ವಿದ್ಯಾರ್ಥಿಗಳ ಸಂಖ್ಯೆ 2018–19ರಲ್ಲಿ 3.47 ಲಕ್ಷವಿದ್ದದ್ದು 2020–21ರಲ್ಲಿ 15 ಸಾವಿರಕ್ಕೂ ಕೆಳಗಿಳಿಯಿತು. ಜಪಾನ್ ತನ್ನ ಗಡಿಯನ್ನು ಹೊಸ ವಿದ್ಯಾರ್ಥಿಗಳಿಗೆ ಹೆಚ್ಚುಕಡಿಮೆ ಎರಡು ವರ್ಷ ಮುಚ್ಚಿತ್ತು. ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಸೇರಿದವರು ತಮ್ಮ ತಮ್ಮ ಮನೆಯಲ್ಲಿ ಅಪರಾತ್ರಿ ಎದ್ದು ಕುಳಿತು ಪಾಠ ಕೇಳಿದರು. ಬಾಗಿಲು ತೆರೆದ ಮೇಲೆ ಹೋಗಬಲ್ಲವರು ಹೋದರು. ನಮ್ಮ ದೇಶದಿಂದಲೇ 2022ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಓದಲು ಹೊರಗೆ ಹೋದರು. ಪರದೆ ಉಳಿದದ್ದು ಹೋಗಲಾರದವರ ಪಾಲಿಗೆ.

ನಮ್ಮ ತರಗತಿಯಲ್ಲಿ ಈ ವಿಷಯ ಎತ್ತಿದಾಗ ಬೆಟಗೇರಿಯ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ಮೇಡಂ, ನಮ್ಮಪ್ಪ ನನ್ನ ಹುಬ್ಬಳ್ಳಿಗೇ ಒಬ್ಬಾಕಿನ್ನ ಕಳಸಂಗಿಲ್ರಿ. ಜರ್ಮನಿ ನೋಡಾಕ ಇದನ್ನ ಬಿಟ್ರ ನನಗ ಬ್ಯಾರೆ ದಾರಿ ಐತೇನ್ರಿ?" ಅವಳ ಪಕ್ಕದವಳಿಗೆ ಪುರಾಣವೇ ಸಾಕ್ಷಿಯಾಗಿ ಒದಗಿತು. "ಗಣಪ್ಪ ಅಪ್ಪ-ಅವ್ವನ್ನ ಸುತ್ತಿ ಬಂದು ಗೆದ್ದನಲ್ರಿ? ನವಿಲು ಹತ್ತಿ ಜಗತ್ತು ಸುತ್ತಿದಾವ ಸೋತ. ಹಂಗಂದ್ರ ಹೋಗೂದು ಬ್ಯಾಡಂತನ ಅರ್ಥ ಅಲ್ಲೇನ್ರಿ?"

ಗಣಪತಿಯ ಜಾಣತನ ನನಗೂ ಪ್ರಿಯವೇ. ಆದರೆ ಆ ಪಂದ್ಯದ ತೀರ್ಪು ಕೊಟ್ಟವರು ಅಪ್ಪ ಅಮ್ಮ. ಮನೆಯವರೇ ತೀರ್ಪುಗಾರರಾದಾಗ ಮನೆಯಲ್ಲಿ ಉಳಿದ ಮಗು ಗೆಲ್ಲುತ್ತದೆ. ಷಣ್ಮುಖ ದಾರಿಯಲ್ಲಿ ಏನು ಕಂಡ, ಯಾರು ಅವನಿಗೆ ನೀರು ಕೊಟ್ಟರು, ಯಾರು ಅವನನ್ನು ತಡೆದು ನೀನು ಯಾರು ಎಂದು ಕೇಳಿದರು ಎಂದು ಆ ಕಥೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ನಾನು ಆ ಹುಡುಗಿಗೆ ಇಷ್ಟೇ ಹೇಳಿದೆ. ಮೊದಲನೆಯವಳ ಪ್ರಶ್ನೆಗೆ ತರಗತಿ ಮುಗಿಯುವುದರೊಳಗೆ ಉತ್ತರ ಕೊಡುವಂತಿರಲಿಲ್ಲ. ಅವಳಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗದಗದಲ್ಲಿ ಕುಳಿತವರು ಈ ಪ್ರಶ್ನೆಯನ್ನು ಎತ್ತಿದರೆ ವೀರನಾರಾಯಣ ಗುಡಿಯನ್ನು ಬಳಸಿಕೊಂಡು ಹೋಗಲಾಗದು. ಆ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಬರೆದ ಎಂದು ಊರಿನ ನಂಬಿಕೆ. ಕುರುಕ್ಷೇತ್ರ ಇಲ್ಲಿಂದ ಎಷ್ಟು ದೂರ! ಆದರೂ ಆ ರಣರಂಗವನ್ನು ಕನ್ನಡದವರು ಇಂದಿಗೂ ಅವನ ಕಣ್ಣಿನಿಂದಲೇ ಕಾಣುತ್ತಾರೆ. ಹಾಗಾದರೆ ಹೋಗದೆ ಕಾಣಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾನು ಈ ಬಗ್ಗೆ ಬಹಳ ಯೋಚಿಸಿದ್ದೇನೆ. ಕುಮಾರವ್ಯಾಸ ಕುರುಕ್ಷೇತ್ರವನ್ನು ಗದುಗಿಗೆ ಕರೆತಂದ. ಭೀಮ, ದ್ರೌಪದಿ, ವಿದುರರೆಲ್ಲ ಇಲ್ಲಿಗೆ ಬಂದು, ಇಲ್ಲಿಯ ಮಾತು ಕಲಿತು, ಇಲ್ಲಿಯವರಂತೆ ಸಿಟ್ಟಾಗಿ ಅತ್ತರು. ಅವನು ಆತಿಥೇಯ, ಬಂದವರು ಅವರು. ಓದು, ಕಲ್ಪನೆ, ಕಥೆ, ಧ್ಯಾನ ಎಲ್ಲವೂ ಹೀಗೆ ಜಗತ್ತನ್ನು ನಮ್ಮ ಮನೆಗೆ ಕರೆದು ಉಪಚರಿಸುವ ಬಗೆಗಳು. ಒಳ್ಳೆಯ ವರ್ಚುವಲ್ ಪ್ರವಾಸವೂ ಅದೇ ಸಾಲಿಗೆ ಸೇರುತ್ತದೆ, ಅದು ಸಣ್ಣ ಸಾಲೇನೂ ಅಲ್ಲ. ಹೋಗುವುದರಲ್ಲಿ ಪಾತ್ರ ತಿರುಗುಮುರುಗಾಗುತ್ತದೆ. ಆಗ ನಾನು ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ನಿಂತವಳು. ಒಳಗೆ ಕರೆಯಬೇಕೋ ಬೇಡವೋ ಎಂಬುದು ಅವರ ಕೈಯಲ್ಲಿದೆ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಡುವ ಶಿಷ್ಯನಿಗೆ ಗುರು ಹೇಳುವ ಮಾತುಗಳಲ್ಲಿ ಅತಿಥಿಯನ್ನು ದೇವರೆಂದು ಕಾಣಬೇಕೆಂಬುದೂ ಒಂದು. ಆತಿಥೇಯನಾಗುವ ಧರ್ಮವನ್ನು ನಮಗೆ ಚೆನ್ನಾಗಿ ಕಲಿಸಿದ್ದಾರೆ. ಅತಿಥಿಯಾಗುವ ಧರ್ಮ ಹೇಳಿಕೊಟ್ಟು ಬರುವಂಥದ್ದಲ್ಲ, ಅದನ್ನು ಕಲಿಯಬೇಕಾದದ್ದು ಬೇರೆಯವರ ಅಂಗಳದಲ್ಲಿ. ವಿದೇಶಿ ವ್ಯಾಸಂಗದಲ್ಲಿ ಬೇರೆ ಏನನ್ನು ಪರದೆ ತುಂಬಿಕೊಟ್ಟರೂ ಇದನ್ನು ತುಂಬಿಕೊಡಲಾರದು ಎಂಬುದು ನನ್ನ ನಿಲುವು.

ನ್ಯಾಯಶಾಸ್ತ್ರದವರು ಪ್ರತ್ಯಕ್ಷ ಜ್ಞಾನಕ್ಕೆ ಇಂದ್ರಿಯ ಮತ್ತು ವಸ್ತುವಿನ ಸನ್ನಿಕರ್ಷ ಬೇಕೆನ್ನುತ್ತಾರೆ. ಕಣ್ಣು ರೂಪವನ್ನು ಮುಟ್ಟಬೇಕು, ಮೂಗು ಗಂಧವನ್ನು ಮುಟ್ಟಬೇಕು. ಆದರೆ ಲೋಕದ ಅನುಭವದಲ್ಲಿ ಒಂದು ತೊಡಕಿದೆ. ದೂರದಲ್ಲಿ ಶ್ರೀಗಂಧದ ಕೊರಡನ್ನು ನೋಡಿದಾಗಲೇ ನಮಗೆ ಅದು ಕಂಪಿನ ಕೊರಡಾಗಿ ಕಾಣುತ್ತದೆ. ಕಂಪು ಮೂಗಿಗೆ ಬಂದಿಲ್ಲ, ಕಣ್ಣಿಗೆ ಕಂಪನ್ನು ಹಿಡಿಯುವ ಶಕ್ತಿಯಿಲ್ಲ, ಆದರೂ ಕಾಣುತ್ತದೆ. ಇದನ್ನು ಬಿಡಿಸಲು ನೈಯಾಯಿಕರು ಜ್ಞಾನಲಕ್ಷಣ ಎಂಬ ಅಲೌಕಿಕ ಸನ್ನಿಕರ್ಷವನ್ನು ಒಪ್ಪಿದರು. ಹಿಂದೆ ಮೂಗಿನಿಂದ ಪಡೆದ ಗಂಧದ ಜ್ಞಾನವೇ ಈಗ ಕಣ್ಣಿಗೂ ಗಂಧಕ್ಕೂ ನಡುವೆ ಸೇತುವೆಯಾಗಿ ನಿಲ್ಲುತ್ತದೆ ಎಂದರು. ಹದಿನಾಲ್ಕನೆಯ ಶತಮಾನದ ಮಿಥಿಲೆಯಲ್ಲಿ ಗಂಗೇಶ ಉಪಾಧ್ಯಾಯ ತತ್ತ್ವಚಿಂತಾಮಣಿಯಲ್ಲಿ ಪ್ರತ್ಯಕ್ಷದ ವಿಚಾರವನ್ನು ಸೂಕ್ಷ್ಮವಾಗಿ ಬಗೆದ ಮೇಲೆ ಈ ಚರ್ಚೆ ನವ್ಯನ್ಯಾಯದ ಉದ್ದಕ್ಕೂ ಬೆಳೆಯಿತು. ಅದ್ವೈತಿಗಳು ಒಪ್ಪಲಿಲ್ಲ. ಕೊರಡಿನ ಮಟ್ಟಿಗೆ ಅದು ಪ್ರತ್ಯಕ್ಷ, ಕಂಪಿನ ಮಟ್ಟಿಗೆ ಪರೋಕ್ಷ ಎಂದರು. ನನ್ನ ಪ್ರಶ್ನೆಗೆ ಇವರಿಬ್ಬರಲ್ಲಿ ಯಾರು ಸರಿ ಎಂಬುದು ಮುಖ್ಯವಲ್ಲ, ಏಕೆಂದರೆ ಒಂದು ಮಾತಿನಲ್ಲಿ ಇಬ್ಬರೂ ಒಂದಾಗುತ್ತಾರೆ: ಒಮ್ಮೆಯೂ ಗಂಧವನ್ನು ಮೂಸದವನಿಗೆ ಆ ಕೊರಡು ಬರೀ ಕೊರಡು.

ಪರದೆಯ ಮೇಲಿನ ಕ್ಯೋಟೋ, ಪರದೆಯ ಮೇಲಿನ ರೋಮ್ ಯಾರಿಗೆ ಕಂಪು ಕೊಡುತ್ತವೆ ಎಂದು ಕೇಳಿದರೆ ಉತ್ತರ ಇಲ್ಲಿದೆ. ಹಿಂದೆ ಎಲ್ಲಿಯಾದರೂ ಅನ್ಯರ ನಡುವೆ ಬಾಳಿ ಬಂದವಳಿಗೆ. ಅವಳು ಚಿತ್ರದಲ್ಲಿ ಕಿರಿದಾದ ಓಣಿಯೊಂದನ್ನು ನೋಡುತ್ತಲೇ ಅಲ್ಲಿ ಬಾಡಿಗೆ ಕೋಣೆ ಹುಡುಕಿಕೊಂಡು ಅಲೆಯುವುದು ಹೇಗಿರುತ್ತದೆ ಎಂದು ಬಲ್ಲಳು.

ಇದಕ್ಕೆ ನನಗೆ ತಿಳಿದ ಅತ್ಯಂತ ಹೃದ್ಯವಾದ ನಿದರ್ಶನ ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್. ದೇಶ ಬಿಟ್ಟು ಹೋಗಲು ಅಪ್ಪಣೆ ಇಲ್ಲದಿದ್ದರೂ ಕದ್ದು ಹೊರಟು, ಮರುಭೂಮಿ ದಾಟಿ, ನಾಳಂದದಲ್ಲಿ ವೃದ್ಧ ಶೀಲಭದ್ರನ ಪಾದದ ಬಳಿ ಕುಳಿತು ಓದಿದವನು ಅವನು. ದಕ್ಷಿಣಕ್ಕೆ ಬಂದು ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಅಲ್ಲಿಯ ಜನರ ಸ್ವಾಭಿಮಾನವನ್ನೂ ಬರೆದಿಟ್ಟ. 645ರಲ್ಲಿ 657 ಗ್ರಂಥಗಳೊಡನೆ ಚಾಂಗಾನ್ ನಗರಕ್ಕೆ ಮರಳಿದ. ಸಿಂಧೂನದಿ ದಾಟುವಾಗ ದೋಣಿ ಅಲುಗಾಡಿ ಕೆಲವು ಹಸ್ತಪ್ರತಿಗಳೂ ಅವನು ಒಯ್ಯುತ್ತಿದ್ದ ಭಾರತದ ಹೂಗಳ ಬೀಜಗಳೂ ನೀರುಪಾಲಾಗಿದ್ದವು. ನನ್ನನ್ನು ಹೆಚ್ಚು ತಟ್ಟುವುದು ಇದರ ಮುಂದಿನ ಕಥೆ. ಅವನು ಮರಳಿ ವರ್ಷಗಳಾದ ಮೇಲೆ ಬೋಧಗಯೆಯ ಮಹಾಬೋಧಿ ವಿಹಾರದ ಪ್ರಜ್ಞಾದೇವ ಪತ್ರ ಬರೆದು, ಜೊತೆಗೆ ಹತ್ತಿಬಟ್ಟೆ ಕಳಿಸಿದ. 654ರಲ್ಲಿ ಹ್ಯೂಯೆನ್ ತ್ಸಾಂಗ್ ಉತ್ತರ ಬರೆದ. ಕನೌಜಿನ ಸಭೆಯಲ್ಲಿ ಇವರಿಬ್ಬರೂ ಬಿಸಿಯೇರಿ ವಾದಿಸಿದ್ದರು, ಆ ನೆನಪೂ ಪತ್ರದಲ್ಲಿದೆ. ನಾಳಂದಕ್ಕೆ ಬರೆದ ಪತ್ರದಲ್ಲಿ ಗುರು ಶೀಲಭದ್ರ ತೀರಿಹೋದ ಸುದ್ದಿಗೆ ಅತ್ತಿದ್ದಾನೆ, ನದಿಯಲ್ಲಿ ಹೋದ ಗ್ರಂಥಗಳ ಪಟ್ಟಿ ಕೊಟ್ಟು ಮತ್ತೆ ಕಳಿಸಿ ಎಂದು ಬೇಡಿದ್ದಾನೆ. ಸಾವಿರಾರು ಹರದಾರಿ ದೂರದಿಂದ ನಡೆದ ಈ ಸಂಭಾಷಣೆಯಲ್ಲಿ ಕಣ್ಣೀರೂ ಸಲಿಗೆಯೂ ಇರುವುದು ಸಾಧ್ಯವಾದದ್ದು ಅವರು ಒಂದು ಕಾಲಕ್ಕೆ ಎದುರುಬದುರು ಕುಳಿತಿದ್ದರಿಂದ.

ಫರ್ಡಿನಾಂಡ್ ಕಿಟೆಲ್ ಇನ್ನೊಬ್ಬರು. ಜರ್ಮನಿಯ ಈ ಮಿಶನರಿ 1853ರಲ್ಲಿ ಬೋಧಿಸಲು ಬಂದಿದ್ದರು. ಧಾರವಾಡ, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಇದ್ದು ಕಲಿಯುವವರಾಗಿ ಮಾರ್ಪಟ್ಟರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ಕೊನೆಯ ವರ್ಷಗಳನ್ನು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕಳೆದು 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ವರ್ಷ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಸುತ್ತ ಒಂದು ಕನ್ನಡದ ಸೊಲ್ಲೂ ಕೇಳದ ಊರಿನಲ್ಲಿ ಕುಳಿತು ಕನ್ನಡದ ವ್ಯಾಕರಣ ಬರೆಯುವಾಗ ಅವರ ಕಿವಿಯೊಳಗೆ ನಮ್ಮ ಸಂತೆ, ನಮ್ಮ ಕಟ್ಟೆ, ನಮ್ಮ ಜಗಳಗಳೆಲ್ಲ ಇದ್ದಿರಲೇಬೇಕು.

ಆ ಟ್ಯೂಬಿಂಗನ್‌ನಲ್ಲಿ ನಾನೂ ಕೆಲಕಾಲ ಸಂಶೋಧನೆಗೆಂದು ಇದ್ದೆ. ಹೆಗೆಲ್, ಹೋಲ್ಡರ್ಲಿನ್, ಶೆಲ್ಲಿಂಗ್ ಒಟ್ಟಿಗೆ ಓದಿದ ಊರು ಅದು. ನೆಕ್ಕಾರ್ ನದಿಯ ದಂಡೆಯಲ್ಲಿ ಹೋಲ್ಡರ್ಲಿನ್ ತನ್ನ ಕೊನೆಯ ದಶಕಗಳನ್ನು ಕಳೆದ ಹಳದಿ ಗೋಪುರವಿದೆ. ಇವತ್ತು ಅದನ್ನು ಮನೆಯಲ್ಲಿ ಕುಳಿತೇ ಸುತ್ತಲೂ ತಿರುಗಿಸಿ ನೋಡಬಹುದು. ಆದರೆ ಆ ಊರು ನನಗೆ ಕಲಿಸಿದ್ದು ಒಂದು ಮೆಟ್ಟಿಲ ಸಾಲಿನಲ್ಲಿ. ಶ್ವಾಬೆನ್ ಪ್ರಾಂತದ ಬಾಡಿಗೆ ಮನೆಗಳಲ್ಲಿ ಒಂದು ಪದ್ಧತಿಯಿದೆ. ಕಟ್ಟಡದ ಮೆಟ್ಟಿಲು, ನಡಿಗೆದಾರಿಗಳನ್ನು ಒಂದೊಂದು ವಾರ ಒಂದೊಂದು ಮನೆಯವರು ಗುಡಿಸಿ ಒರೆಸಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಪುಟ್ಟ ಫಲಕ ತೂಗುತ್ತದೆ. ಪ್ರಾಧ್ಯಾಪಕನಾಗಲಿ, ಬಸ್ ಚಾಲಕನಾಗಲಿ, ವಿದೇಶಿ ವಿದ್ಯಾರ್ಥಿನಿಯಾಗಲಿ ವಿನಾಯಿತಿ ಇಲ್ಲ. ಫಲಕ ನನ್ನ ಬಾಗಿಲಿಗೆ ಬಂದ ವಾರ ಮೇಲಿನ ಮನೆಯ ವೃದ್ಧೆ ಇಳಿದು ಬಂದು, ಬಕೀಟು ಎಲ್ಲಿದೆ, ಮೂಲೆಗಳನ್ನು ಹೇಗೆ ಒರೆಸಬೇಕು ಎಂದು ತೋರಿಸಿದರು. ನಾನು ಬಗ್ಗಿ ಒರೆಸುತ್ತಿದ್ದಾಗ, ಪ್ರೀತಿಯಿಂದಲೇ, ಕುತೂಹಲದಿಂದಲೇ ಕೇಳಿದರು: "ನಿಮ್ಮೂರಿನಲ್ಲಿ ನಿಮ್ಮ ಮನೆಯ ಮೆಟ್ಟಿಲನ್ನು ಯಾರು ಗುಡಿಸುತ್ತಾರೆ?"

ನಮ್ಮ ಮನೆಯ ಅಂಗಳ, ಮೆಟ್ಟಿಲು, ಹಿತ್ತಲು ಗುಡಿಸುತ್ತಿದ್ದವಳು ಅಡುಗೆಮನೆಗೆ ಬರುವಂತಿರಲಿಲ್ಲ. ಅವಳಿಗೆ ಚಹಾ ಕೊಡುವ ಲೋಟ ಬೇರೆ ಇತ್ತು, ಹಿತ್ತಲ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಹುಟ್ಟಿದಂದಿನಿಂದ ಅದನ್ನು ನೋಡಿಕೊಂಡೇ ಬೆಳೆದಿದ್ದೆ. ಜಾತಿಯ ಬಗ್ಗೆ ಓದಿದ್ದೆ, ಭಾಷಣಗಳನ್ನು ಕೇಳಿದ್ದೆ. ಆ ಲೋಟ ನನ್ನ ಕಣ್ಣಿಗೆ ಬಿದ್ದದ್ದು ಪರದೇಶದ ಒಂದು ಮೆಟ್ಟಿಲ ಮೇಲೆ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದಿದ್ದಾಗ. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಆಕೆ ನನ್ನನ್ನು ಜರೆಯಲಿಲ್ಲ. ತಮ್ಮ ಬಾಲ್ಯದಲ್ಲಿ ತಮ್ಮ ಬೀದಿಯಿಂದ ಒಯ್ಯಲ್ಪಟ್ಟ ಯಹೂದಿ ಮನೆತನದ ಬಗ್ಗೆ ಹೇಳಿದರು. ಮೆಟ್ಟಿಲಿನ ಮೇಲೆಯೇ ಕುಳಿತು ಬಹಳ ಹೊತ್ತು ಮಾತಾಡಿದೆವು. ಪ್ರವಾಸದಲ್ಲಿ ನಾವು ನೋಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ನೋಡಲ್ಪಡುವುದು ಅದರ ಇನ್ನರ್ಧ, ನನ್ನ ಲೆಕ್ಕಕ್ಕೆ ದೊಡ್ಡ ಅರ್ಧ. ಗುಡಿಗೆ ಹೋಗುವ ನಮ್ಮ ಅವ್ವಂದಿರಿಗೆ ಇದು ಗೊತ್ತಿದೆ. ದೇವರನ್ನು ನೋಡಲು ಎಷ್ಟೋ, ದೇವರ ಕಣ್ಣಿಗೆ ಬೀಳಲೂ ಅಷ್ಟೇ ಅವರು ಸಾಲಿನಲ್ಲಿ ನಿಲ್ಲುತ್ತಾರೆ.

ಗೂಗಲ್‌ನ ಬೀದಿನೋಟದಲ್ಲಿ ಊರೂರು ಅಲೆಯುವಾಗ ನನಗೆ ಎದೆ ಹಿಂಡುವ ಸಂಗತಿ ಒಂದಿದೆ. ಅಲ್ಲಿ ಎದುರಾಗುವ ಎಲ್ಲರ ಮುಖಗಳನ್ನೂ ಯಂತ್ರವೇ ಮಸುಕು ಮಾಡಿರುತ್ತದೆ. ಅವರ ಖಾಸಗಿತನಕ್ಕಾಗಿ ಮಾಡಿದ ಏರ್ಪಾಡು, ಮಾಡಲೇಬೇಕಾದದ್ದು. ಆದರೆ ಪರಿಣಾಮ ನೋಡಿ. ಜಗತ್ತಿನ ಅಷ್ಟೊಂದು ಬೀದಿಗಳಲ್ಲಿ ನಡೆದರೂ ಒಬ್ಬರೂ ನಮ್ಮತ್ತ ಕಣ್ಣೆತ್ತುವುದಿಲ್ಲ, ಒಬ್ಬರೂ ಮೆಟ್ಟಿಲಿನ ಪ್ರಶ್ನೆ ಕೇಳುವುದಿಲ್ಲ.

ಕಾಂಟ್ ಬಗ್ಗೆ ಪಾಠ ಮಾಡುವಾಗಲೆಲ್ಲ ಈ ಮಾತು ಮನಸ್ಸಿಗೆ ಬರುತ್ತದೆ. ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ, ಪೂರ್ವ ಪ್ರಷ್ಯದ ಎಲ್ಲೆ ದಾಟದೆ ಅಲ್ಲಿಯೇ ತೀರಿಕೊಂಡ ಆ ಮಹಾನುಭಾವ 1756ರಿಂದ 1796ರವರೆಗೆ ಭೂಗೋಳದ ಬಗ್ಗೆ ಉಪನ್ಯಾಸ ಕೊಟ್ಟ. ಪ್ರವಾಸಿಗರ ಪುಸ್ತಕಗಳನ್ನು ಅರೆದು ಕುಡಿದಿದ್ದ. ತನ್ನ ಬಂದರು ಪಟ್ಟಣದಲ್ಲಿದ್ದರೆ ಪ್ರವಾಸವಿಲ್ಲದೆಯೂ ಲೋಕಜ್ಞಾನ ಪಡೆಯಬಹುದು ಎಂದು 1798ರ ತನ್ನ ಪುಸ್ತಕದಲ್ಲಿ ಬರೆದ. ಅದೇ ಕಾಂಟ್ ಆಫ್ರಿಕದವರ ಬಗ್ಗೆ, ಅಮೆರಿಕದ ಮೂಲನಿವಾಸಿಗಳ ಬಗ್ಗೆ ಬರೆದಿರುವ ಹೀನಾಯದ ಮಾತುಗಳನ್ನು ತರಗತಿಯಲ್ಲಿ ಓದಿ ಹೇಳಲು ನನಗೆ ನಾಲಗೆ ಬರುವುದಿಲ್ಲ. ಪ್ರಯಾಣ ಮಾಡಿದ್ದರೆ ಅವನು ತಿದ್ದಿಕೊಳ್ಳುತ್ತಿದ್ದ ಎಂದು ನಾನು ಹೇಳಲಾರೆ. ಹಡಗು ಹತ್ತಿ ಹೋದವರೇ ಅದಕ್ಕಿಂತ ಕ್ರೂರವಾಗಿ ನಡೆದುಕೊಂಡಿದ್ದಾರೆ. ಅವರು ಅತಿಥಿಗಳಾಗಲಿಲ್ಲ, ಒಡೆಯರಾದರು. ಆದರೆ ಕಾಂಟ್ ಯಾರ ಬಗ್ಗೆ ಬರೆದನೋ ಅವರಲ್ಲಿ ಒಬ್ಬರಾದರೂ ಅವನ ಊಟದ ಮೇಜಿನ ಎದುರು ಕುಳಿತು ಮಾರುತ್ತರ ಕೊಡುವ ಸಂದರ್ಭ ಇರಲಿಲ್ಲ ಎಂಬುದು ನಿಜ. 1795ರಲ್ಲಿ ಅವನೇ, ಪರನಾಡಿಗೆ ಬಂದ ಅಪರಿಚಿತನನ್ನು ಶತ್ರುವಿನಂತೆ ಕಾಣಕೂಡದು, ಭೇಟಿಯ ಹಕ್ಕು ಎಲ್ಲ ಮನುಷ್ಯರಿಗೂ ಇದೆ ಎಂದು ಸಾರಿದ. ಅತಿಥಿಯಾಗಿ ಉಳಿಯುವ ಹಕ್ಕನ್ನು ಮಾತ್ರ ಅದರಿಂದ ಬೇರೆಯಾಗಿಟ್ಟ. ಅದಕ್ಕೆ ಆತಿಥೇಯನ ವಿಶೇಷ ಒಪ್ಪಿಗೆ ಬೇಕು. ಈ ವಿಂಗಡಣೆ ಎಷ್ಟು ಸರಿಯಾಗಿದೆ ಎಂದು ಆ ಮೆಟ್ಟಿಲಿನ ಮೇಲೆ ನನಗೆ ಅರ್ಥವಾಗಿತ್ತು.

ತೀರ್ಥಯಾತ್ರೆ ಬೇಡವೆಂದ ಪರಂಪರೆ ನಮ್ಮ ಸುತ್ತಲೇ ಇದೆ, ಅದನ್ನು ಕೇಳದೆ ಮುಂದೆ ಹೋಗಬಾರದು. ಹನ್ನೆರಡನೆಯ ಶತಮಾನದ ಶರಣರು ಗುಡಿ, ಕ್ಷೇತ್ರ, ನದೀಸ್ನಾನಗಳ ಹಂಗು ಹರಿದುಕೊಂಡು ಅಂಗೈಯ ಇಷ್ಟಲಿಂಗದಲ್ಲೇ ಎಲ್ಲವನ್ನೂ ಕಂಡರು. ಹೋಗುವುದು ಅನಗತ್ಯ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗದು. ಆದರೆ ಇದೇ ಶರಣರ ದಾರಿಗಳನ್ನು ನೋಡಿ. ಉಡುತಡಿಯಿಂದ ಅಕ್ಕಮಹಾದೇವಿ ಒಂಟಿಯಾಗಿ ಕಲ್ಯಾಣಕ್ಕೆ ನಡೆದು ಬಂದಳು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು, ರಾಜ್ಯ ತೊರೆದು ಬಂದು ಕಲ್ಯಾಣದಲ್ಲಿ ಸೌದೆ ಮಾರಿ ಬದುಕಿದ ಎಂದು ಪರಂಪರೆ ಹೇಳುತ್ತದೆ. ಕ್ಷೇತ್ರ ಬೇಡವೆಂದವರು ಅಷ್ಟು ದೂರ ನಡೆದದ್ದು ಯಾಕೆ? ಶೂನ್ಯಸಂಪಾದನೆಯಲ್ಲಿ ಅಕ್ಕ ಅನುಭವ ಮಂಟಪಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಕೂಡಲೇ ಒಳಗೆ ಕರೆದು ಕೂರಿಸುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಅವಳ ವೈರಾಗ್ಯವನ್ನು, ಅವಳ ಕೂದಲ ಮರೆಯನ್ನು, ಅವಳ ಗಂಡನ ವಿಷಯವನ್ನು ಎಲ್ಲರೆದುರು ಕೆದಕುತ್ತಾನೆ. ಅವಳು ಒಂದೊಂದಕ್ಕೂ ಉತ್ತರಿಸುತ್ತಾಳೆ. ಆ ಉತ್ತರಗಳಿಂದಲೇ ಅವಳು ಎಲ್ಲರ ಅಕ್ಕನಾಗುತ್ತಾಳೆ. ಕಲ್ಲಿನ ಕ್ಷೇತ್ರವನ್ನು ಬಿಟ್ಟವರು ಕೇಳುವ ಮನುಷ್ಯರನ್ನು ಬಿಡಲಿಲ್ಲ. ತನ್ನನ್ನು ಪರೀಕ್ಷಿಸಬಲ್ಲವರ ಎದುರು ಹೋಗಿ ನಿಲ್ಲುವುದೇ ಅವರ ಯಾತ್ರೆ. ನನ್ನ ವಿದ್ಯಾರ್ಥಿನಿಯರಿಗೆ ನಾನು ಬಯಸುವುದೂ ಇಂಥ ಯಾತ್ರೆಯನ್ನೇ.

ಹೋಗದಿರುವುದೇ ಧರ್ಮವಾಗುವ ಜಾಗಗಳೂ ಇವೆ. ಫ್ರಾನ್ಸಿನ ಲಾಸ್ಕೋ ಗುಹೆಯ ಆದಿಮಾನವರ ಚಿತ್ರಗಳು 1940ರಲ್ಲಿ ಸಿಕ್ಕವು. ನೋಡಬಂದವರ ಉಸಿರಿನಿಂದಲೇ ಕೆಡತೊಡಗಿ 1963ರಲ್ಲಿ ಗುಹೆಯನ್ನು ಮುಚ್ಚಿ, ಆಮೇಲೆ ಪಕ್ಕದಲ್ಲಿ ಪ್ರತಿರೂಪ ಕಟ್ಟಿದರು. ಹ್ಯೂಯೆನ್ ತ್ಸಾಂಗ್ ಹಾದುಬಂದ ದುನ್‌ಹುವಾಂಗ್‌ನ ಬೌದ್ಧ ಗುಹೆಗಳಲ್ಲೂ ಇದೇ ಸಂಕಟ. 2014ರಿಂದ ಅಲ್ಲಿ ಮೊದಲು ಗೋಳಾಕಾರದ ಪರದೆಯಲ್ಲಿ ಗುಹೆಗಳನ್ನು ತೋರಿಸಿ, ಆಮೇಲೆ ಮಿತವಾಗಿ ಒಳಗೆ ಬಿಡುತ್ತಾರೆ. ಅತಿಥಿಯ ಉಸಿರೇ ಆತಿಥೇಯನಿಗೆ ವಿಷವಾಗುವಲ್ಲಿ ಪರದೆಯೇ ಸರಿ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎರಡು ದೇಶದ ತರಗತಿಗಳು ವಾರವಾರ ಪರದೆಯಲ್ಲಿ ಸೇರಿ ಒಟ್ಟಿಗೆ ಒಂದು ಕೆಲಸ ಮಾಡುವ ಕ್ರಮವಿದೆ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿ ಅದಕ್ಕೊಂದು ಕೇಂದ್ರವನ್ನೇ ತೆರೆಯಿತು. ಅಂಥದೊಂದು ಜೋಡಿ ತರಗತಿಯನ್ನು ನಾನು ಜರ್ಮನಿಯ ಗೆಳತಿಯೊಬ್ಬಳ ವಿದ್ಯಾರ್ಥಿಗಳೊಡನೆ ನಡೆಸುತ್ತಿದ್ದೇನೆ. ಒಂದು ಸಂಜೆ ಚರ್ಚೆ ನಡುವಿನಲ್ಲಿದ್ದಾಗ ನಮ್ಮ ಹುಡುಗಿ ಥಟ್ಟನೆ ಎದ್ದು, "ನೀರು ಬಂದಾವ್ರಿ" ಎಂದು ಓಡಿದಳು. ಗದಗ-ಬೆಟಗೇರಿಯಲ್ಲಿ ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಹಿಡಿಯದಿದ್ದರೆ ಮನೆ ನಡೆಯದು. ಆಚೆಯ ಜೊತೆಗಾತಿಗೆ ನಾನು ವಿಷಯ ತಿಳಿಸಿದೆ. ಆಕೆ ಪರದೆ ಮುಚ್ಚಲಿಲ್ಲ, ಕಾದು ಕುಳಿತಳು. ಕೊಡ ಇಳಿಸುವ ಸದ್ದು, ಅವ್ವನ ಕೂಗು, ಪಕ್ಕದ ಮನೆಯವರ ಸರದಿಯ ಜಗಳ ಎಲ್ಲವನ್ನೂ ಕೇಳಿಸಿಕೊಂಡಳು. ನಮ್ಮವಳು ಒದ್ದೆ ಲಂಗದಲ್ಲಿ ಮರಳಿದಾಗ ಮೊದಲು ಕೇಳಿದ್ದು, ಇಷ್ಟು ನೀರು ಎಷ್ಟು ದಿನಕ್ಕೆ ಎಂದು. ಮುಂದಿನ ವಾರ ಆಕೆ ತನ್ನ ಮನೆಯಲ್ಲಿ ದಿನಕ್ಕೆ ಬಳಸುವ ನೀರನ್ನು ಅಳೆದು ತಂದಿದ್ದಳು. ಕೈಯಲ್ಲಿದ್ದ ಪ್ರಬಂಧದ ವಿಷಯವನ್ನು ಇಬ್ಬರೂ ಕೈಬಿಟ್ಟು ನೀರಿನ ಬಗ್ಗೆಯೇ ಬರೆದರು. ಅಲ್ಲಿ ಪರದೆಯಿತ್ತು, ಮುಖವೂ ಇತ್ತು. ಕಾಯುವುದಿತ್ತು, ಕೇಳುವುದಿತ್ತು, ಮಾರುತ್ತರ ಕೊಡುವ ಹೊಣೆಯಿತ್ತು. ಆದ್ದರಿಂದ ಹೆಡ್‌ಸೆಟ್ ಹಾಕಿಕೊಂಡು ಒಬ್ಬಳೇ ನೋಡುವ ಬರ್ಲಿನ್ನಿಗೂ ಈ ತರಗತಿಗೂ ಒಂದೇ ಹೆಸರು ಕೊಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ವಿಮಾನ ಹತ್ತಿ ಹೋಗಿ ನಮ್ಮವರದೇ ಕೋಣೆ, ನಮ್ಮವರದೇ ಊಟ, ನಮ್ಮವರದೇ ಮಾತಿನಲ್ಲಿ ಎರಡು ವರ್ಷ ಕಳೆದು ಬರುವವರು ಹೊಸ್ತಿಲು ದಾಟಿದವರೆಂದೂ ಹೇಳಲಾರೆ.

ಹಾಗಿದ್ದೂ ಪ್ರಸ್ತಾವದಲ್ಲಿರುವ ಪರ್ಯಾಯ ಎಂಬ ಮಾತು ನನ್ನನ್ನು ನಿದ್ದೆಗೆಡಿಸುತ್ತದೆ. ಉಳ್ಳವರ ಮಕ್ಕಳಿಗೆ ಪಯಣ, ಇಲ್ಲದವರ ಮಕ್ಕಳಿಗೆ ಅದರ ಚಿತ್ರ, ಎರಡೂ ಸಮ ಎಂಬ ಪ್ರಮಾಣಪತ್ರ. ಫಾಬ್ರಿಯ ಪುಸ್ತಕ ಆ ಸನ್ಯಾಸಿನಿಯರಿಗೆ ಎಷ್ಟು ಸಾಂತ್ವನ ಕೊಟ್ಟಿತೋ ಅಷ್ಟೇ ಅವರ ಬಾಗಿಲಿನ ಬೀಗವನ್ನೂ ಹಗುರವೆನಿಸುವಂತೆ ಮಾಡಿತು. ನಮ್ಮ ಹುಡುಗಿಯರ ವಿಷಯದಲ್ಲಿ ಆ ಬೀಗಕ್ಕೆ ನಾವು ಎಣ್ಣೆ ಹಾಕಬಾರದು.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಈ ಶಕ್ತಿ ಯೋಜನೆ ಬಂದ ವಾರಗಳಲ್ಲಿ ಧರ್ಮಸ್ಥಳಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ತುಂಬಿ ಹೋಗುತ್ತಿದ್ದ ಬಸ್ಸುಗಳನ್ನು ನೋಡಿ ಹಲವರು ನಕ್ಕರು. ನನಗೆ ಕಣ್ಣು ತುಂಬಿ ಬಂದಿತ್ತು. ಮನೆಯಲ್ಲೇ ಕೈಮುಗಿದರೆ ಸಾಕು ಎಂದು ಜೀವಮಾನವಿಡೀ ಹೇಳಿಸಿಕೊಂಡವರು ದಾರಿ ತೆರೆದ ಕೂಡಲೇ ಹೊರಟಿದ್ದರು.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಹೀಗೆ ಬರೆದಿದ್ದೇನೆ. ಹೆಡ್‌ಸೆಟ್‌ಗಳು ಬರಲಿ, ಪಾಠಕ್ಕೆ ಒದಗಲಿ, ಆದರೆ ಕೋರ್ಸಿನ ಹೆಸರಿನಿಂದ ಪರ್ಯಾಯ ಎಂಬುದನ್ನು ತೆಗೆಯಬೇಕು. ಮೊದಲ ವರ್ಷವೇ ಪ್ರತಿ ವಿದ್ಯಾರ್ಥಿನಿ ಒಂದು ತಿಂಗಳು ರಾಜ್ಯದ ಇನ್ನೊಂದು ಮೂಲೆಯಲ್ಲಿ, ಕೊಡಗೋ ಕಾರವಾರವೋ ಚಾಮರಾಜನಗರವೋ, ಅಪರಿಚಿತರ ಮನೆಯಲ್ಲಿ ಇದ್ದು ಅಲ್ಲಿಯ ಕಾಲೇಜಿನಲ್ಲಿ ಓದಬೇಕು. ಅಲ್ಲಿಯವಳು ಇಲ್ಲಿಗೆ ಬರಬೇಕು. ಬಸ್ಸಿನ ಖರ್ಚಿಲ್ಲ, ಊಟದ ಖರ್ಚನ್ನು ಕಾಲೇಜುಗಳು ಹಂಚಿಕೊಳ್ಳಲಿ. ಜೋಡಿ ತರಗತಿಗಳು ಅದರ ಮುಂಚೆಯೂ ನಂತರವೂ ನಡೆಯಲಿ. ಪ್ರತಿವರ್ಷ ನಾಲ್ಕಾರು ಮಂದಿಯನ್ನಾದರೂ ಕಡಲಾಚೆ ಕಳಿಸಲು ನಿಧಿಯೊಂದನ್ನು ಈಗಲೇ ಆರಂಭಿಸಬೇಕು, ಆಯ್ಕೆಯಲ್ಲಿ ಮನೆಯಿಂದ ಹೊರಡಲು ಅತ್ಯಂತ ಕಷ್ಟವಿರುವವಳಿಗೆ ಮೊದಲ ಸ್ಥಾನ. ತಂದೆತಾಯಿಯರ ಜೊತೆ ಮಾತಾಡುವ ಹೊಣೆಯನ್ನು ನಾನು ಹೊರುತ್ತೇನೆ, ಬೆಟಗೇರಿಯ ಮನೆಯಿಂದಲೇ ಶುರು ಮಾಡುತ್ತೇನೆ. ಒಪ್ಪಿಗೆ ಪತ್ರದ ನಮೂನೆಯನ್ನೂ ಲಗತ್ತಿಸಿದ್ದೇನೆ. ಅದರಲ್ಲಿ ಆತಿಥೇಯರ ಹೆಸರು, ವಿಳಾಸ, ಅವರ ಮನೆಯಲ್ಲಿ ವಿದ್ಯಾರ್ಥಿನಿ ಪಾಲು ತೆಗೆದುಕೊಳ್ಳುವ ಕೆಲಸ ಯಾವುದು ಎಂಬುದಕ್ಕೆ ಕಾಲಂಗಳಿವೆ. ಜಾತಿಗೆ ಕಾಲಂ ಇಟ್ಟಿಲ್ಲ, ಸೇರಿಸಬೇಕೆಂದು ಯಾರಾದರೂ ಕೇಳಿದರೆ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳುತ್ತೇನೆ.